ಊರಲ್ಲಿ ಗುಡ್ಡ ಕುಸಿದಿದೆ, ಮುಂಬಯಿಯಲ್ಲಿ ಟಿಕೆಟ್ ಕೈಯಲ್ಲಿದೆ: ಈಗ ಏನು ಮಾಡಬೇಕು?

ಊರಿಗೆ ಹೊರಡಲು ನಾಲ್ಕು ದಿನ ಇರುವಾಗ ಕರಾವಳಿಯಲ್ಲಿ ಗುಡ್ಡ ಕುಸಿದ ಸುದ್ದಿ ಬಂತೆಂದರೆ ಗಾಬರಿಯಲ್ಲಿ ಕೈ ಮೊದಲು ಹೋಗುವುದು ಟಿಕೆಟ್ ರದ್ದು ಮಾಡುವುದಕ್ಕೆ. ದಯವಿಟ್ಟು ಸ್ವಲ್ಪ ತಡೆಯಿರಿ. ನೀವಾಗಿ ರದ್ದು ಮಾಡಿದರೆ ಕ್ಯಾನ್ಸಲೇಶನ್ ಚಾರ್ಜ್ ಕಡಿತವಾಗುತ್ತದೆ. ರೈಲ್ವೆಯೇ ಗಾಡಿ ರದ್ದು ಮಾಡಿದರೆ ಇ-ಟಿಕೆಟ್ಟಿನ ದುಡ್ಡು, ಕನ್ವೀನಿಯನ್ಸ್ ಫೀ ಒಂದನ್ನು ಬಿಟ್ಟು, ಪೂರ್ತಿ ತಾನಾಗಿಯೇ ಖಾತೆಗೆ ಬರುತ್ತದೆ. ಕೌಂಟರ್ ಟಿಕೆಟ್ ಆದರೆ ಗಾಡಿ ಹೊರಡಬೇಕಿದ್ದ ದಿನ ಬಿಟ್ಟು ಮೂರು ದಿನದೊಳಗೆ ರಿಸರ್ವೇಶನ್ ಕೌಂಟರಿಗೆ ಕೊಡಬೇಕು. ಗಾಡಿ ಓಡಿದರೂ ಹೋಗುವುದಿಲ್ಲ ಎಂದು ಮನೆಯಲ್ಲಿ ತೀರ್ಮಾನವಾಗಿದ್ದರೆ ಮಾತ್ರ ಕಾಯಬೇಡಿ. ಹೊರಡುವ ಹೊತ್ತು ಹತ್ತಿರವಾದಷ್ಟೂ ಕಡಿತ ಹೆಚ್ಚು.

ಗಾಡಿ ರದ್ದಾಗದೆ ಮಾರ್ಗ ಬದಲಾದರೆ ಲೆಕ್ಕವೇ ಬೇರೆ. ಕೊಂಕಣ ಹಳಿ ಮುಚ್ಚಿದಾಗ ಮಂಗಳೂರಿನ ಗಾಡಿಗಳನ್ನು ಪನ್ವೇಲ್, ಪುಣೆ, ಮೀರಜ್, ಲೋಂಡಾ ಮೇಲೆ ಸುತ್ತಿಸಿ ಮಡಗಾಂವಿಗೆ ತರುವುದುಂಟು. ಆಗ ಹಣ ತಾನಾಗಿ ಬರುವುದಿಲ್ಲ. ಹೋಗಲು ಮನಸ್ಸಿಲ್ಲದಿದ್ದರೆ ನಿಗದಿತ ಹೊರಡುವ ಸಮಯದಿಂದ 72 ಗಂಟೆಯೊಳಗೆ ಟಿಡಿಆರ್, ಅಂದರೆ ಹಣ ವಾಪಸ್ ಕೇಳುವ ಅರ್ಜಿ, ಹಾಕಬೇಕು. ಗಾಡಿ ಮೂರು ಗಂಟೆಗಿಂತ ಹೆಚ್ಚು ತಡವೆಂದು ಪ್ರಯಾಣ ಬಿಡುವುದಾದರೆ, ಅದು ನಿಮ್ಮ ಸ್ಟೇಶನ್ನಿನಿಂದ ನಿಜವಾಗಿ ಹೊರಡುವ ಮೊದಲೇ ಟಿಡಿಆರ್ ಆಗಿರಬೇಕು. ನಾಳೆ ಹಾಕೋಣ ಎಂದು ಮಲಗಿದವರ ದುಡ್ಡು ಹೋಗುವುದು ಇಲ್ಲೇ.

ಗಾಡಿಯ ಸ್ಥಿತಿ ತಿಳಿಯಲು ರೈಲ್ವೆಯ ಎನ್‌ಟಿಇಎಸ್ ಆ್ಯಪ್ ನೋಡಿ, ಇಲ್ಲವೇ ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ. ಆ್ಯಪಿನಲ್ಲಿ ಗಾಡಿ ಮೂಲ ಸ್ಟೇಶನ್ ಬಿಟ್ಟ ತಾರೀಕು ಮುಖ್ಯ. ನೀವು ಮಧ್ಯರಾತ್ರಿ ದಾಟಿದ ಮೇಲೆ ಹತ್ತುವವರಾದರೆ ನಿಮ್ಮ ಟಿಕೆಟ್ಟಿನ ತಾರೀಕಿನ ಹಿಂದಿನ ದಿನದ ಗಾಡಿಯನ್ನು ನೋಡಬೇಕಾದೀತು.

ಇನ್ನು ಬೇರೆ ದಾರಿ. ಇದರಲ್ಲೇ ಹೆಚ್ಚು ಜನ ಸಿಕ್ಕಿಬೀಳುತ್ತಾರೆ, ಏಕೆಂದರೆ ಕೊಂಕಣದಲ್ಲಿ ಮಣ್ಣು ಕುಸಿಸಿದ ಅದೇ ಮಳೆ ಘಟ್ಟದ ಮೇಲೂ ಸುರಿಯುತ್ತಿರುತ್ತದೆ. 2021ರ ಜುಲೈ 23ರಂದು ಹಾಗೆ ಸುತ್ತಿ ಬರುತ್ತಿದ್ದ ಮಂಗಳೂರು–ಮುಂಬಯಿ ಗಾಡಿಯೇ ದೂಧಸಾಗರದ ಹತ್ತಿರ ಗುಡ್ಡ ಕುಸಿದು ಹಳಿ ತಪ್ಪಿತು. ಅದೇ ದಿನಗಳಲ್ಲಿ ಕೊಲ್ಹಾಪುರದ ಬಳಿ ಪಂಚಗಂಗೆಯ ನೆರೆ ಪುಣೆ–ಬೆಂಗಳೂರು ಹೆದ್ದಾರಿಯನ್ನು ಮುಚ್ಚಿತ್ತು. 2019ರ ಆಗಸ್ಟಿನಲ್ಲೂ ಹೀಗೇ ಆಗಿತ್ತು. ಹಾಗಾಗಿ ಬಸ್ಸಿಗೆ ದುಡ್ಡು ಕಟ್ಟುವ ಮೊದಲು ಆ ಹೆದ್ದಾರಿಯಲ್ಲಿ ಕೊಲ್ಹಾಪುರದ ಬಳಿಯ ಶಿರೋಳಿಯಲ್ಲಿ ನೀರು ಎಲ್ಲಿಗೆ ಬಂದಿದೆ ಎಂದು ವಿಚಾರಿಸಿ.

ಬಸ್ ಏಜೆಂಟರನ್ನು "ಗಾಡಿ ಹೋಗುತ್ತದಾ?" ಎಂದು ಕೇಳಬೇಡಿ, "ಯಾವ ಘಟ್ಟ ಇಳಿಯುತ್ತದೆ?" ಎಂದು ಕೇಳಿ. ಹುಬ್ಬಳ್ಳಿ, ಯಲ್ಲಾಪುರದಿಂದ ಅರಬೈಲು ಘಟ್ಟ ಇಳಿದರೆ ಸಿಗುವುದು ಅಂಕೋಲಾ. 2024ರ ಜುಲೈ 16ರಂದು ಗುಡ್ಡ ಕುಸಿದ ಶಿರೂರು ಇರುವುದು ಅಂಕೋಲಾದಿಂದ ಕುಮಟಾ ಕಡೆಗೆ. ಅಂಥ ಹೊತ್ತಿನಲ್ಲಿ ಕುಮಟಾ, ಹೊನ್ನಾವರದವರು ಅಂಕೋಲಾ ತಲುಪಿ ಉಪಯೋಗವಿಲ್ಲ. ಹುಬ್ಬಳ್ಳಿಯಲ್ಲೇ ಶಿರಸಿ ಕಡೆ ತಿರುಗಿ ದೇವಿಮನೆ ಘಟ್ಟ ಇಳಿಯಬೇಕು, ಅದೂ ತೆರೆದಿದ್ದರೆ. ದಾದರಿನಿಂದ ಚಾಲುಕ್ಯ ಎಕ್ಸ್‌ಪ್ರೆಸ್ಸಿನಲ್ಲೋ ಶರಾವತಿ ಎಕ್ಸ್‌ಪ್ರೆಸ್ಸಿನಲ್ಲೋ ಹುಬ್ಬಳ್ಳಿಗೆ ಬಂದು, ಒಂದು ರಾತ್ರಿ ತಂಗಿ, ಹಗಲಲ್ಲಿ ಘಟ್ಟ ಇಳಿಯುವುದು ನಮ್ಮ ಸಲಹೆ. ಮಳೆಗಾಲದ ರಾತ್ರಿಯಲ್ಲಿ ರಸ್ತೆಗೆ ಬಂದ ಮಣ್ಣು ಲೈಟಿನ ಬೆಳಕಿಗೆ ಕಾಣುವಷ್ಟರಲ್ಲಿ ಬ್ರೇಕಿಗೆ ಜಾಗ ಇರುವುದಿಲ್ಲ.

ಘಟ್ಟದ ಸ್ಥಿತಿಗೆ ಜಿಲ್ಲಾ ಕಂಟ್ರೋಲ್ ರೂಮಿನ 1077ಕ್ಕೆ ಕರೆ ಮಾಡಿ. ಮುಂಬಯಿಯಿಂದ ಮಾಡುವಾಗ ಎಸ್‌ಟಿಡಿ ಕೋಡ್ ಸೇರಿಸಲೇಬೇಕು: ಕಾರವಾರಕ್ಕೆ 08382, ಉಡುಪಿಗೆ 0820, ಮಂಗಳೂರಿಗೆ 0824. ಹವಾಮಾನ ಇಲಾಖೆಯ ರೆಡ್ ಅಲರ್ಟ್ ಎಂದರೆ 24 ಗಂಟೆಯಲ್ಲಿ 204.4 ಮಿ.ಮೀ.ಗಿಂತ ಹೆಚ್ಚು ಮಳೆಯ ಸಾಧ್ಯತೆ. ಅಂಥ ದಿನ ಘಟ್ಟ ಇಳಿಯುವ ಯೋಜನೆ ಬೇಡ.

ವಿಮಾನವನ್ನು ಕಂಪನಿಯೇ ರದ್ದು ಮಾಡಿದರೆ ಬೇರೆ ವಿಮಾನ ಇಲ್ಲವೇ ಪೂರ್ತಿ ಹಣ ಕೇಳಬಹುದು. ಪ್ರಕೃತಿ ವಿಕೋಪದ ಕಾರಣಕ್ಕೆ ಪರಿಹಾರ ಮಾತ್ರ ಸಿಗದು. ಸುದ್ದಿ ಬಂದ ಮೇಲೆ ತೆಗೆದ ಟ್ರಾವೆಲ್ ಇನ್ಶೂರೆನ್ಸ್ ಆ ಘಟನೆಗೆ ಸಾಮಾನ್ಯವಾಗಿ ಅನ್ವಯಿಸದು. ಲಾಡ್ಜಿನವರಲ್ಲಿ ಹಣ ವಾಪಸ್ ಕೇಳುವುದಕ್ಕಿಂತ ತಾರೀಕು ಮುಂದಕ್ಕೆ ಹಾಕಿಸಿಕೊಳ್ಳುವುದು ಸುಲಭ, ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ.

ವಾಪಸಿನ ಟಿಕೆಟ್ ಮರೆಯಬೇಡಿ. ಅದರ ಪಿಎನ್‌ಆರ್ ಬೇರೆ. ಹೋಗುವ ಗಾಡಿ ರದ್ದಾಯಿತೆಂದು ಅದು ತಾನಾಗಿ ರದ್ದಾಗುವುದಿಲ್ಲ. ಊರಿಗೆ ಹೋಗುವುದಿಲ್ಲವೆಂದು ನಿಶ್ಚಯವಾದ ದಿನವೇ ಅದನ್ನು ನೀವೇ ರದ್ದು ಮಾಡಿ.