ಸ್ವಾತಿ ಮಳೆ ಮುಗಿಯುವಾಗಲೇ ಮಾಡಬೇಕಾದ ಬೇಸಿಗೆಯ ಹೂದೋಟದ ಕೆಲಸ

ಮನೆಯ ಮುಂದಿನ ಹೂದೋಟಕ್ಕೂ ಹುಲ್ಲುಹಾಸಿಗೂ ನೀರು ಸಾಲದೆಂಬ ಮಾತು ಮಲೆನಾಡಿನಲ್ಲಿ ಏಪ್ರಿಲ್ ತಿಂಗಳಲ್ಲಿ ಕೇಳಿಬರುತ್ತದೆ. ಆದರೆ ಆ ನೀರನ್ನು ಉಳಿಸುವ ಕೆಲಸಕ್ಕೆ ತಕ್ಕ ಕಾಲ ಸ್ವಾತಿ ಮಳೆ ಹಿಂದೆಗೆದು ನೆಲ ಇನ್ನೂ ಹಸಿಯಾಗಿರುವ ನವೆಂಬರ್. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಶಿವಮೊಗ್ಗ ಪೇಟೆಯಲ್ಲಿ ಅದರ ಸಣ್ಣದೊಂದು ಪಾಲು ಮಾತ್ರ. ಆದರೂ ಎರಡೂ ಕಡೆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದುಹೋಗುವುದರಿಂದ, ಶಿವರಾತ್ರಿ ಕಳೆಯುವ ಹೊತ್ತಿಗೆ ತೀರ್ಥಹಳ್ಳಿ ಕಡೆಯ ಮನೆಯವರೂ ಪೇಟೆಯ ಬಡಾವಣೆಯವರೂ ಒಂದೇ ರೀತಿ ಪೈಪು ಹಿಡಿದು ನಿಂತಿರುತ್ತಾರೆ. ನಮ್ಮ ಜಂಬಿಟ್ಟಿಗೆ ಮಣ್ಣು ನೀರನ್ನು ಬೇಗ ಕುಡಿಯುತ್ತದೆ, ಅಷ್ಟೇ ಬೇಗ ಕೈಬಿಡುತ್ತದೆ. ಹಾಗಾಗಿ ಎಷ್ಟು ಹಾಕಿದೆವು ಎನ್ನುವುದಕ್ಕಿಂತ, ಹಾಕಿದ್ದು ಬೇರಿನ ಬಳಿ ಎಷ್ಟು ದಿನ ನಿಂತಿತು ಎನ್ನುವುದನ್ನು ಮೊದಲು ಗಮನಿಸಬೇಕು.

ನವೆಂಬರಿನಲ್ಲಿ ಮಾಡಬೇಕಾದ ಮೊದಲ ಕೆಲಸ ಮುಚ್ಚಿಗೆ, ಅಂದರೆ ಬುಡದ ಮಣ್ಣಿನ ಮೇಲೆ ದರಗು (ಉದುರಿದ ಒಣ ಎಲೆ) ಮುಂತಾದವುಗಳ ಹೊದಿಕೆ. ಒಣಗಿದ ಮಣ್ಣಿನ ಮೇಲೆ ದರಗು ಹರಡಿದರೆ ಒಣ ಮಣ್ಣನ್ನೇ ಕಾಪಾಡಿದಂತಾಗುತ್ತದೆ; ಹಸಿ ನೆಲದ ಮೇಲೆ ಹರಡಿದರೆ ಒಳಗಿನ ತೇವ ವಾರಗಟ್ಟಲೆ ಉಳಿಯುತ್ತದೆ. ಗಿಡದ ಬುಡದ ಕಳೆ ಕಿತ್ತು, ಮಳೆಯ ಹೊಡೆತಕ್ಕೆ ಗಟ್ಟಿಯಾದ ಮೇಲ್ಮಣ್ಣನ್ನು ಬೇರಿಗೆ ಪೆಟ್ಟಾಗದಂತೆ ಹಗುರವಾಗಿ ಸಡಿಲಿಸಿ, ಒಂದಿಷ್ಟು ಹಳೆಯ ಗೊಬ್ಬರ ಹಾಕಿ, ಅದರ ಮೇಲೆ ಎರಡು ಮೂರು ಅಂಗುಲ ದಪ್ಪಕ್ಕೆ ದರಗನ್ನೋ ಕತ್ತರಿಸಿದ ಸೋಗೆಯನ್ನೋ ಒಣಗಿದ ಅಡಿಕೆ ಸಿಪ್ಪೆಯನ್ನೋ ಹರಡಬೇಕು. ಸಿಪ್ಪೆ ನಿಧಾನವಾಗಿ ಕರಗುವುದರಿಂದ ದಾಸವಾಳ, ನಂದಿಬಟ್ಟಲು, ಕೇಪಳದಂಥ ಬಹುವರ್ಷದ ಗಿಡಗಳಿಗೆ ಅದು ಒಳ್ಳೆಯದು. ಋತುವಿಗೊಮ್ಮೆ ಅಗೆಯುವ ಹೂವಿನ ಮಡಿಗಳಿಗೆ ದರಗೇ ಅನುಕೂಲ. ಕಾಂಡದ ಸುತ್ತ ಒಂದು ಗೇಣು ಜಾಗ ಬರಿದಾಗಿ ಬಿಡುವುದನ್ನು ಮರೆಯಬಾರದು, ಇಲ್ಲವಾದರೆ ಬುಡ ಕೊಳೆಯುತ್ತದೆ, ಒರಲೆಯೂ ಹತ್ತುತ್ತದೆ. ಅಡಿಕೆ ಸುಲಿಯುವ ಮನೆಗಳಲ್ಲಿ ಸಿಪ್ಪೆಯನ್ನು ರಾಶಿ ಹಾಕಿ ಸುಡುವುದನ್ನು ಈಗಲೂ ಕಾಣುತ್ತೇನೆ. ನಾಲ್ಕು ಬುಟ್ಟಿಯನ್ನಾದರೂ ಹೂಗಿಡದ ಬುಡಕ್ಕೆ ಸಾಗಿಸಿದರೆ ಮಾರ್ಚ್ ತಿಂಗಳಲ್ಲಿ ಅದರ ಬೆಲೆ ಗೊತ್ತಾಗುತ್ತದೆ.

ಇನ್ನು ಹುಲ್ಲುಹಾಸು. ಅಡಿಕೆ ಒಣಗಿಸುವ ಅಂಗಳದಲ್ಲಿ ಹುಲ್ಲು ಹುಟ್ಟಿದರೆ ಹಿರಿಯರು ಬೈಯುತ್ತಿದ್ದ ಊರುಗಳಲ್ಲಿಯೇ ಈಗ ಹಣ ಕೊಟ್ಟು ಹುಲ್ಲು ತಂದು ಹಾಸುತ್ತಾರೆ, ಹೋಂಸ್ಟೇಗಳಲ್ಲಂತೂ ಅದಿಲ್ಲದಿದ್ದರೆ ಆಗುವುದೇ ಇಲ್ಲ. ಅದರ ಬಗ್ಗೆ ನನಗೆ ತಕರಾರಿಲ್ಲ, ಆದರೆ ಹಾಸುವ ಮೊದಲು ಲೆಕ್ಕವೊಂದನ್ನು ಹಾಕಿ ನೋಡಬೇಕು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರ್. ಬೇಸಿಗೆಯಲ್ಲಿ ಹುಲ್ಲು ಹಸಿರಾಗಿಯೇ ಇರಬೇಕೆಂದರೆ ವಾರಕ್ಕೆ ಸುಮಾರು 25 ಮಿಲಿಮೀಟರ್ ನೀರು ಬೇಕೆಂಬುದು ರೂಢಿಯ ಅಂದಾಜು. ಅಂದರೆ 20 ಅಡಿ ಉದ್ದ, 20 ಅಡಿ ಅಗಲದ ಹುಲ್ಲುಹಾಸಿಗೆ ವಾರಕ್ಕೆ 930 ಲೀಟರ್, ಮಾಡಿನ ಮೇಲಿನ 1000 ಲೀಟರಿನ ಟ್ಯಾಂಕು ಹೆಚ್ಚುಕಡಿಮೆ ಬರಿದಾಗುವಷ್ಟು. ಈ ಲೆಕ್ಕ ಕಂಡಮೇಲೆ, ಕೂರಲು ಮತ್ತು ಮಕ್ಕಳು ಆಡಲು ಬೇಕಾದಷ್ಟೇ ಜಾಗಕ್ಕೆ ಹುಲ್ಲು ಹಾಕಿ, ಉಳಿದ ಕಡೆ ನೆಲ ಮುಚ್ಚುವ ಗಿಡಗಳನ್ನೋ ಕಲ್ಲುಹಾಸನ್ನೋ ಇಟ್ಟುಕೊಳ್ಳುವುದು ಜಾಣತನ. ದರೆಯ (ಕಡಿದಾದ ಮಣ್ಣಿನ ದಿಬ್ಬದ) ಅಂಚಿನ ಇಳಿಜಾರಿನಲ್ಲಿ ಹುಲ್ಲುಹಾಸಿಗೆ ಪೈಪಿನಲ್ಲಿ ನೀರು ಹಾಯಿಸುವಷ್ಟು ದಂಡದ ಕೆಲಸ ಇನ್ನೊಂದಿಲ್ಲ.

ಹಾಸಿದ ಹುಲ್ಲಿನ ಜಾತಿಯೂ ಮುಖ್ಯ. ನಮ್ಮ ಗರಿಕೆಯು ನೀರಿಲ್ಲದಾಗ ಮೇಲೆ ಕಂದಾಗಿ ಒಣಗಿದಂತೆ ಕಂಡರೂ ನೆಲದೊಳಗಿನ ಗೆಣ್ಣುಗಳಲ್ಲಿ ಜೀವ ಹಿಡಿದುಕೊಂಡಿದ್ದು, ಮಳೆ ಬಿದ್ದ ಕೆಲವೇ ದಿನಗಳಲ್ಲಿ ಚಿಗುರುತ್ತದೆ. ಏಪ್ರಿಲಿನಲ್ಲಿ ಅದು ಕಂದಾಗಿದ್ದರೆ ಹಾಗೆಯೇ ಬಿಡುವ ಧೈರ್ಯವನ್ನು ಮನೆಯ ಯಜಮಾನರು ಮಾಡಬೇಕು. ಕತ್ತರಿಸುವಾಗ ನೆಲಮಟ್ಟಕ್ಕೆ ಬೋಳಿಸದೆ, ಬೇಸಿಗೆಯುದ್ದಕ್ಕೂ ಎರಡು ಅಂಗುಲಕ್ಕಿಂತ ಎತ್ತರವಾಗಿಯೇ ಬಿಟ್ಟರೆ ಹುಲ್ಲಿನ ನೆರಳು ಅದರದೇ ಬುಡದ ಮೇಲೆ ಬಿದ್ದು ತೇವ ಆರುವುದು ತಡವಾಗುತ್ತದೆ. ಒಂದು ಬಾರಿಗೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು, ಕತ್ತರಿಸಿದ ಸಣ್ಣ ತುಂಡುಗಳನ್ನು ಅಲ್ಲೇ ಬಿಡಬಹುದು. ಬಿರುಬೇಸಿಗೆಯಲ್ಲಿ ಯೂರಿಯಾ ಹಾಕಬಾರದು. ಹೊಸ ಎಲೆ ಬಂದಷ್ಟೂ ಬಾಯಾರಿಕೆ ಹೆಚ್ಚು.

ನೀರು ಹಾಕುವ ಹೊತ್ತಿನ ಬಗ್ಗೆ ಬಗೆಬಗೆಯ ಅಭಿಪ್ರಾಯಗಳಿವೆ. ಬಿಸಿಲೇರುವ ಮುಂಚಿನ ಬೆಳಗು ಎಲ್ಲಕ್ಕಿಂತ ಉತ್ತಮ ಎಂಬುದು ನನ್ನ ನಿಲುವು. ಸಂಜೆ ಹಾಕಿದ ನೀರೂ ಹೆಚ್ಚು ಆವಿಯಾಗುವುದಿಲ್ಲವಾದರೂ, ಇಬ್ಬನಿ ಬೀಳುವ ನಮ್ಮ ಕಡೆ ಎಲೆಗಳು ರಾತ್ರಿಯಿಡೀ ಒದ್ದೆಯಾಗಿದ್ದು ಶಿಲೀಂಧ್ರದ ರೋಗ ತಗುಲುತ್ತದೆ. ಸಂಜೆಯೇ ಹಾಕಬೇಕಾದಲ್ಲಿ ಎಲೆ ನೆನೆಸದೆ ಬುಡಕ್ಕಷ್ಟೇ ಹಾಕಬೇಕು. ದಿನವೂ ಸ್ವಲ್ಪ ಸ್ವಲ್ಪ ಚಿಮುಕಿಸಿದರೆ ಬೇರುಗಳು ಮೇಲ್ಮಣ್ಣಿನಲ್ಲಿಯೇ ಹರಡಿಕೊಂಡು ಒಂದು ದಿನ ನೀರು ತಪ್ಪಿದರೂ ಗಿಡ ಬಾಡುತ್ತದೆ. ಮೂರು ನಾಲ್ಕು ದಿನಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ಹಾಕಿದರೆ ಬೇರು ತಾನಾಗಿ ಕೆಳಗಿಳಿಯುತ್ತದೆ. ಆಳಕ್ಕೆ ಇಳಿಯಿತೋ ಇಲ್ಲವೋ ತಿಳಿಯಲು ತೆಳುವಾದ ಕಬ್ಬಿಣದ ಸರಳೊಂದನ್ನು ನೆಲಕ್ಕೆ ಒತ್ತಿ ನೋಡಿ: ಒದ್ದೆಯಾದಷ್ಟು ಆಳಕ್ಕೆ ಅದು ಸಲೀಸಾಗಿ ಇಳಿದು, ಒಣ ಮಣ್ಣು ಸಿಕ್ಕಲ್ಲಿ ನಿಲ್ಲುತ್ತದೆ. ಹುಲ್ಲಿನ ಮೇಲೆ ನಡೆದಾಗ ಹೆಜ್ಜೆಯ ಗುರುತು ಮೇಲೇಳದೆ ಹಾಗೆಯೇ ಉಳಿದರೆ ನೀರಿನ ಹೊತ್ತು ಬಂತೆಂದು ತಿಳಿಯಬೇಕು. ಅದಕ್ಕೆ ಮುಂಚೆ ಕ್ಯಾಲೆಂಡರ್ ನೋಡಿ ಹಾಕುವ ಅಗತ್ಯವಿಲ್ಲ.

ಸ್ಪ್ರಿಂಕ್ಲರ್ ಇಟ್ಟುಕೊಂಡವರು ಹುಲ್ಲಿನ ಮೇಲೆ ಅಲ್ಲಲ್ಲಿ ನೇರ ಬದಿಯ ನಾಲ್ಕಾರು ಡಬ್ಬಿಗಳನ್ನಿಟ್ಟು ಕಾಲು ಗಂಟೆ ಓಡಿಸಿ, ಸ್ಕೇಲಿನಿಂದ ನೀರು ಅಳೆಯಲಿ. ಒಂದು ಮೂಲೆಯ ಡಬ್ಬಿ ತುಂಬಿ ಇನ್ನೊಂದು ಮೂಲೆಯದು ಒಣಗಿಯೇ ಇದ್ದರೆ ಯಂತ್ರದ ಜಾಗ ಬದಲಿಸಬೇಕು. ನೆಲ ಇಳಿಜಾರಾಗಿದ್ದರೆ ಹತ್ತು ನಿಮಿಷ ಬಿಟ್ಟು, ಅರ್ಧ ಗಂಟೆ ನಿಲ್ಲಿಸಿ, ಮತ್ತೆ ಹತ್ತು ನಿಮಿಷ ಬಿಡುವುದು ಒಳ್ಳೆಯದು. ಮೊದಲ ಸುತ್ತಿಗೆ ಮೇಲ್ಮಣ್ಣು ಮೆತ್ತಗಾಗಿ ಎರಡನೆಯ ಸುತ್ತಿನ ನೀರು ಹರಿದುಹೋಗದೆ ಇಂಗುತ್ತದೆ. ಗಿಡಗಳಿಗೆ ಹನಿ ನೀರಾವರಿಯೇ ಸಾಕು, ಗಂಟೆಗೆ 4 ಲೀಟರಿನ ಡ್ರಿಪ್ಪರುಗಳು ಎಲ್ಲ ಕಡೆ ದೊರೆಯುತ್ತವೆ. ಕೊಳವೆಬಾವಿಯ ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಅವು ಬೇಗ ಕಟ್ಟಿಕೊಳ್ಳುವುದರಿಂದ ಫಿಲ್ಟರನ್ನು ತಪ್ಪದೆ ತೊಳೆಯುತ್ತಿರಬೇಕು. ದೊಡ್ಡ ಗಿಡಗಳಿಗೆ ನೀರು ಕುಡಿಯುವ ಬೇರುಗಳಿರುವುದು ಹೆಚ್ಚಾಗಿ ರೆಂಬೆಗಳ ಅಂಚಿನ ಕೆಳಗೆ. ಪಾತಿಯನ್ನು ಅಲ್ಲಿಯವರೆಗೆ ಅಗಲಿಸದೆ ಕಾಂಡದ ಬುಡಕ್ಕೇ ಕೊಡಗಟ್ಟಲೆ ಸುರಿದರೆ ಹೆಚ್ಚಿನ ಪ್ರಯೋಜನವಿಲ್ಲ.

ಬಚ್ಚಲ ನೀರನ್ನು ಹಿತ್ತಿಲ ಬಾಳೆಗೂ ಕೆಸುವಿಗೂ ತಿರುಗಿಸುವ ಪದ್ಧತಿ ನಮ್ಮಲ್ಲಿ ಹಳೆಯದು. ಹೊಸ ಮನೆ ಕಟ್ಟುವಾಗ ಅದನ್ನು ನೇರ ಚರಂಡಿಗೆ ಸೇರಿಸಿ, ಬಳಿಕ ಅದೇ ಬಾಳೆಗೆ ಬಾವಿಯ ನೀರು ಸೇದಿ ಹಾಕುವುದು ವಿಚಿತ್ರ. ಸಾಬೂನಿನ ನೀರನ್ನು ಒಂದೇ ಗಿಡಕ್ಕೆ ದಿನವೂ ಬಿಡದೆ ಬದಲಿಸುತ್ತಿರಬೇಕು, ಹಸಿಯಾಗಿ ತಿನ್ನುವ ಸೊಪ್ಪಿನ ಮಡಿಗಂತೂ ಬಿಡಲೇಬಾರದು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರಿಗೆ ಅಂಥ ಕಟ್ಟುಪಾಡಿಲ್ಲ, ಬೇಕಾದ ಗಿಡಕ್ಕೆ ಹಾಕಬಹುದು. ಮಾಡಿನ ನೀರಿನ ಲೆಕ್ಕವೂ ತಿಳಿದಿರಲಿ: 1000 ಚದರ ಅಡಿಯ ಮಾಡಿನ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಮೇಲೆ ಹೇಳಿದ ಅದೇ 930 ಲೀಟರ್, ಸೋರಿ ಚೆಲ್ಲಿ ಹೋದದ್ದನ್ನು ಕಳೆದರೂ 700 ಲೀಟರಿಗೆ ಮೋಸವಿಲ್ಲ. ಬೇಸಿಗೆಯ ಒಂದು ಗುಡುಗುಮಳೆಯನ್ನು ಮುಚ್ಚಳವಿರುವ ಡ್ರಮ್ಮುಗಳಲ್ಲಿ ಹಿಡಿದರೂ ಹೂಕುಂಡಗಳಿಗೆ ಎಷ್ಟೋ ದಿನ ಸಾಕಾಗುತ್ತದೆ. ಮುಚ್ಚಳವಿಲ್ಲದ ಡ್ರಮ್ಮು ಸೊಳ್ಳೆಯ ಮನೆಯಾಗುವುದರಿಂದ ಅದು ಬೇಡವೇ ಬೇಡ. ಇಂಗುಗುಂಡಿ ತೋಡುವ ಉತ್ಸಾಹವುಳ್ಳವರಿಗೆ ಒಂದು ಎಚ್ಚರಿಕೆಯ ಮಾತು: ಸಮತಟ್ಟಾದ ಪೇಟೆಯ ನಿವೇಶನದಲ್ಲಿ ಅದು ಒಳ್ಳೆಯದೇ, ಆದರೆ ಮನೆಯ ಹಿಂದಿನ ಎತ್ತರದ ದರೆಯ ತಲೆಯ ಮೇಲೆ ಗುಂಡಿ ತೋಡಿ ನೀರು ನಿಲ್ಲಿಸಿದರೆ ಮಳೆಗಾಲದಲ್ಲಿ ದರೆಯೇ ಕುಸಿದೀತು.

ಕುಂಡಗಳನ್ನು ಬೇಸಿಗೆಯಲ್ಲಿ ಒತ್ತೊತ್ತಾಗಿ ಜೋಡಿಸಿ, ಮಧ್ಯಾಹ್ನದ ನಂತರ ನೆರಳು ಬೀಳುವ ಮನೆಯ ಮೂಡಣ ಬದಿಗೆ ಇಡಬೇಕು. ತೆಂಗಿನ ನಾರಿನ ಪುಡಿ ತುಂಬಿದ ಕುಂಡ ತೀರಾ ಒಣಗಿದರೆ ಮೇಲಿನಿಂದ ಸುರಿದ ನೀರು ಅಂಚಿನಿಂದ ಜಾರಿ ಕೆಳಗಿಳಿಯುತ್ತದೆಯೇ ಹೊರತು ಒಳಗೆ ನೆನೆಯುವುದಿಲ್ಲ. ಅಂಥದ್ದನ್ನು ಬಕೆಟಿನ ನೀರಿನಲ್ಲಿ ಸ್ವಲ್ಪ ಹೊತ್ತು ಕೂರಿಸಿ ತೆಗೆಯಬೇಕು.

ಭರಣಿ ಮಳೆ ಬಂದ ಸಂಜೆಯೇ ಎಲ್ಲರೂ ಪೈಪು ಸುತ್ತಿಡುತ್ತಾರೆ, ಅದು ಸ್ವಲ್ಪ ಅವಸರದ ಕೆಲಸ. ಸಣ್ಣ ಮಳೆಯಾದರೆ ದರಗು ಮಾತ್ರ ನೆನೆದು ಕೆಳಗಿನ ಮಣ್ಣು ಒಣಗಿಯೇ ಇರುತ್ತದೆ, ಆದುದರಿಂದ ಮುಚ್ಚಿಗೆಯನ್ನು ಸರಿಸಿ, ಸರಳು ಒತ್ತಿ ನೋಡಿಯೇ ತೀರ್ಮಾನಿಸಬೇಕು. ರೋಹಿಣಿ ಮುಗಿದು ಮೃಗಶಿರಾ ಹಿಡಿಯುವ ಮೊದಲು ಗಿಡಗಳ ಪಾತಿಯ ಏರಿಯನ್ನು ಒಂದು ಕಡೆ ಒಡೆದು ನೀರು ಹೋಗಲು ದಾರಿ ಮಾಡಿ, ಬುಡದ ಮುಚ್ಚಿಗೆಯನ್ನು ಇನ್ನಷ್ಟು ದೂರಕ್ಕೆ ಎಳೆದು, ಡ್ರಿಪ್ ಕೊಳವೆಗಳನ್ನು ತೊಳೆದು ಸುತ್ತಿ ಅಟ್ಟದ ಮೇಲೆ ಇಟ್ಟುಬಿಡಬಹುದು.