ಹಳೇ ಟೂರಿಂಗ್ ಸೈಕಲ್ಲು, ಜಗ್ಗದ ಸೀಟ್ ಪೋಸ್ಟು

ಕೊಳ್ಳಲೆಂದು ಈ ಹಳೇ ಸೈಕಲ್ ನೋಡಲು ಹೋದಾಗ ಮೊದಲು ಕಣ್ಣಿಗೆ ಬಿದ್ದದ್ದು ಹಿಂಚಕ್ರದ ಪಕ್ಕದ ಕೊಳವೆ. ಸ್ಪೇರ್ ಸ್ಪೋಕ್ ಸಿಕ್ಕಿಸಿಡಲು ಅದರ ಮೇಲೆ ಎರಡು ಪುಟ್ಟ ಗುಬಟು. ದೂರ ಪ್ರಯಾಣಕ್ಕೆಂದೇ ಕಟ್ಟಿದ್ದು ಅನ್ನಲು ಅಷ್ಟು ಸಾಕಾಯಿತು. 1980ರ ದಶಕದ ಜಪಾನಿ ಸ್ಟೀಲ್ ಫ್ರೇಮು, ಕ್ಯಾಂಟಿಲಿವರ್ ಬ್ರೇಕು, ಮುಂದೆ ಪೆಡಲ್ ಬಳಿ ಮೂರು ಚೈನ್‌ರಿಂಗು, ಅಂದರೆ ಚೈನು ಕೂರುವ ಹಲ್ಲುಚಕ್ರ.

ಬಣ್ಣ ಎಷ್ಟು ಹೋಗಿದೆ ಅಂತ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ಹ್ಯಾಂಡಲ್ ಕೂರುವ ಕೊಳವೆಯ ಹಿಂದೆಯೇ, ಮೇಲಿನ ಮತ್ತು ಕೆಳಗಿನ ಕೊಳವೆಗಳ ಅಡಿಗೆ ಬೆರಳಾಡಿಸುತ್ತೇನೆ. ಎದುರಿಂದ ಗುದ್ದಿಸಿಕೊಂಡ ಸೈಕಲ್ಲಾದರೆ ಸಾಮಾನ್ಯವಾಗಿ ಅಲ್ಲೊಂದು ಸಣ್ಣ ಸುಕ್ಕು ಸಿಗುತ್ತದೆ. ಇದರಲ್ಲಿ ಸಿಗಲಿಲ್ಲ. ಆ ಖುಷಿಯಲ್ಲಿ ಸೀಟು ಮೇಲೆ ಕೆಳಗೆ ಆಗುತ್ತದಾ ಅಂತ ನೋಡುವುದನ್ನೇ ಮರೆತೆ.

ಆಗುತ್ತಿರಲಿಲ್ಲ. ಸ್ಟೀಲ್ ಕೊಳವೆಯೊಳಗೆ ಸೀಟು ಹೊರುವ ಅಲ್ಯೂಮಿನಿಯಂ ಪೋಸ್ಟು ಗ್ರೀಸಿಲ್ಲದೆ ವರ್ಷಗಟ್ಟಲೆ ಕೂತಿತ್ತು. ಬೆವರು, ಮಳೆನೀರು ಇಳಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉಬ್ಬಿ ಕಚ್ಚಿಕೊಂಡುಬಿಡುತ್ತದೆ. ದಿನಾ ಬೆಳಿಗ್ಗೆ ಸಂಜೆ ತುಕ್ಕು ಬಿಡಿಸುವ ಎಣ್ಣೆ ಹಾಕಿದೆ, ಮರದ ಸುತ್ತಿಗೆಯಲ್ಲಿ ತಟ್ಟಿದೆ. ಹತ್ತು ದಿನವಾದರೂ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಸೀಟು ಬಿಚ್ಚಿ, ಸೈಕಲ್ಲನ್ನು ತಲೆಕೆಳಗು ಮಾಡಿ, ಪೋಸ್ಟನ್ನು ಮೇಜಿನ ವೈಸ್‌ಗೆ ಬಿಗಿದು, ಫ್ರೇಮನ್ನೇ ಹಿಡಿದು ತಿರುಗಿಸಿದೆ. ‘ಟಕ್’ ಅಂದಾಗ ಎದೆ ಧಸಕ್ಕೆಂದಿತು, ಫ್ರೇಮೇ ಮುರಿಯಿತೇನೋ ಅಂತ. ಕೂದಲೆಳೆಯಷ್ಟು ತಿರುಗಿತ್ತು. ಮತ್ತೆ ಎಣ್ಣೆ, ಮತ್ತೆ ತಿರುವು. ಅರ್ಧ ತಾಸಿಗೆ ಈಚೆ ಬಂತು. ಮೈತುಂಬ ಗೀರಾಗಿದ್ದ ಅದನ್ನು ಎಸೆದು, ಹೊಸದಕ್ಕೆ ದಪ್ಪಗೆ ಗ್ರೀಸು ಮೆತ್ತಿದೆ.

ಆಮೇಲೆ ಚಕ್ರ. ಹಳೆಯವು 27 ಇಂಚಿನವು. ಅವುಗಳ ಟೈರು ಈಗಲೂ ಸಿಗುತ್ತವೆ, ಆದರೆ ಆಯ್ಕೆ ಕಮ್ಮಿ. ಅದಕ್ಕೇ 700ಸಿ ಅನ್ನುವ ಅಳತೆಯ ಚಕ್ರ ಹಾಕೋಣ ಅಂದುಕೊಂಡೆ. 700ಸಿ ರಿಮ್ಮಿನ ಟೈರು ಕೂರುವ ವ್ಯಾಸ 622 ಮಿ.ಮೀ., 27 ಇಂಚಿನದು 630. ಅಂದರೆ ಬ್ರೇಕ್ ಶೂ 4 ಮಿ.ಮೀ. ಕೆಳಗಿಳಿಯಬೇಕು. ಗೆಳೆಯನ ಚಕ್ರ ಎರವಲು ತಂದು ಸಿಕ್ಕಿಸಿ ನೋಡಿದ ಮೇಲೆಯೇ ಹೊಸದು ಕೊಂಡೆ. ಶೂ, ಬ್ರೇಕಿನ ತೋಳಿನಲ್ಲಿರುವ ತೋಡಿನ ತಳದವರೆಗೆ ಇಳಿದು, ಅಂತೂ ರಿಮ್ಮಿಗೆ ಸರಿಯಾಗಿ ಕೂತಿತು.

ಹಿಂಚಕ್ರದ ನಡುವಿನ ಹಬ್ಬನ್ನೂ ಬದಲಿಸಿದೆ: ಹಲ್ಲುಚಕ್ರಗಳ ಗೊಂಚಲನ್ನು ತಿರುಪಿ ಕೂರಿಸುವ ಹಳೇ ಫ್ರೀವ್ಹೀಲ್ ಬದಲು, ಅವನ್ನು ಜಾರಿಸಿ ಕೂರಿಸುವ ಕ್ಯಾಸೆಟ್ ಹಬ್ ಹಾಕಿಸಿದೆ. ಫ್ರೀವ್ಹೀಲ್ ಹಬ್ಬಿನಲ್ಲಿ ಬಲಗಡೆಯ ಬೇರಿಂಗ್ ತುಂಬ ಒಳಗಿರುತ್ತದೆ. ಭಾರ ಹೊತ್ತಾಗ ಆಧಾರವಿಲ್ಲದ ಆಕ್ಸಲ್ ಬಾಗುವುದು ಅದಕ್ಕೇ. ಹೊಸ ಹಬ್ಬಿನ ಅಗಲ 130 ಮಿ.ಮೀ., ಫ್ರೇಮಿನಲ್ಲಿ ಅದಕ್ಕಿದ್ದ ಜಾಗ 126. ಸ್ಟೀಲ್ ಆದ್ದರಿಂದ ಕೈಯಲ್ಲೇ ತುಸು ಅಗಲಿಸಿ ಕೂರಿಸಿದೆ. ಅಲ್ಯೂಮಿನಿಯಂ ಫ್ರೇಮಿಗೆ ಈ ಸಾಹಸ ಬೇಡ.

ಗೇರಿನಲ್ಲಿ ಬದಲಿಸಿದ್ದು ಮುಂದಿನ ಚಿಕ್ಕ ರಿಂಗು ಮತ್ತು ಹಿಂದಿನ ಕ್ಯಾಸೆಟ್ ಮಾತ್ರ. ಮೊದಲು ತೀರ ಹಗುರ ಗೇರಿನಲ್ಲಿ ಮುಂದಿನ 28 ಹಲ್ಲಿಗೆ ಹಿಂದೆ 30 ಇತ್ತು, ಈಗ 24ಕ್ಕೆ 34. ಪೆಡಲ್ ಒಂದು ಸುತ್ತು ಹೊಡೆದರೆ ಚಕ್ರ ಮುಕ್ಕಾಲು ಸುತ್ತೂ ತಿರುಗದು. ಸಾಮಾನು ಹೇರಿ ಏರು ಹತ್ತುವಾಗ ಅದು ಎಂಥ ಸುಖ! ಕೆಳಗಿನ ಕೊಳವೆಯ ಮೇಲಿನ ಹಳೇ ಗೇರ್ ಲಿವರ್ ಹಾಗೇ ಇದೆ. ಗೇರಿಗೊಂದು ಕ್ಲಿಕ್ ಅಂತ ನಿಲ್ಲದೆ ಬೇಕಾದಷ್ಟೇ ಜರುಗುವುದರಿಂದ ಯಾವ ಕ್ಯಾಸೆಟ್ಟಿಗೂ ಹೊಂದಿಕೊಳ್ಳುತ್ತದೆ.

ಮೊದಲ ಸಲ ಹಿಂದೆ ಮಾತ್ರ ಚೀಲ ಕಟ್ಟಿ ಇಳಿಜಾರಿನಲ್ಲಿ ಬಿಟ್ಟಾಗ ಹ್ಯಾಂಡಲ್ ಗಡಗಡ ನಡುಗಿತು. ಮೊಣಕಾಲುಗಳನ್ನು ಮೇಲಿನ ಕೊಳವೆಗೆ ಒತ್ತಿ ಹಿಡಿದು ಹೇಗೋ ನಿಲ್ಲಿಸಿದೆ. ಟೆಂಟು, ಅಡುಗೆ ಸಾಮಾನನ್ನು ಮುಂಚಕ್ರದ ಎರಡು ಬದಿಗೆ ತಗ್ಗಿನಲ್ಲಿ ಕಟ್ಟಿದ ಮೇಲೆ ನಡುಕ ಹೋಯಿತು. ಬಣ್ಣ ಹೋದ ಕಡೆ ಇನ್ನೂ ಹಾಗೇ ಇದೆ.