ಹೆಸರನ್ನು ನಾನು ಕೊನೆಯಿಂದ ಕಟ್ಟುತ್ತೇನೆ

ಸಾವಯವ ಸಂಯುಕ್ತಕ್ಕೆ ಹೆಸರು ಬರೆಯಿರಿ ಅಂದ ಕೂಡಲೇ ಹೆಚ್ಚಿನವರು ಉದ್ದದ ಕಾರ್ಬನ್ ಸರಪಳಿ ಹುಡುಕಲು ಶುರು ಮಾಡುತ್ತಾರೆ. ಪಾಠದಲ್ಲಿ ಅದೇ ಮೊದಲು ಬರುತ್ತದೆ ಅಲ್ವಾ, ಹಾಗಾಗಿ ಕೈ ಅಲ್ಲಿಗೇ ಹೋಗುತ್ತದೆ. ಲ್ಯಾಬ್‌ನಲ್ಲಿ ದಿನವೂ ಲೇಬಲ್, ರಿಪೋರ್ಟ್ ಬರೆಯುವ ನಾನು ಮಾತ್ರ ಹೆಸರಿನ ಕೊನೆಯಲ್ಲಿ ಏನು ಬರಬೇಕು ಅನ್ನುವುದನ್ನು ಮೊದಲು ನೋಡುತ್ತೇನೆ. ಸರಪಳಿ ಆಮೇಲೆ.

ಯಾಕೆ ಅಂತ ಒಂದು ಅಣುವಿನಲ್ಲೇ ತೋರಿಸುತ್ತೇನೆ. ಐದು ಕಾರ್ಬನ್ ಸಾಲಾಗಿ ಬರೆಯಿರಿ. ಮಧ್ಯದ ಕಾರ್ಬನ್‌ನಿಂದ ಇನ್ನೊಂದು ಕಾರ್ಬನ್ ಕೆಳಗೆ ಇಳಿಸಿ, ಅದರ ತುದಿಗೆ ಓಎಚ್ (ಆಲ್ಕೋಹಾಲ್‌ನ ಆಕ್ಸಿಜನ್-ಹೈಡ್ರೋಜನ್ ಗುಂಪು) ಹಾಕಿ. ಉದ್ದ ಮಾತ್ರ ನೋಡಿದರೆ ಇದು ಪೆಂಟೇನ್, ಅಂದರೆ ಐದು ಕಾರ್ಬನ್‌ನ ಸರಪಳಿ. ಆದರೆ ಓಎಚ್ ಇರುವ ಕಾರ್ಬನ್ ಆ ಸಾಲಿನಲ್ಲಿ ಇಲ್ಲವೇ ಇಲ್ಲ! ಹೆಸರು ಆಲ್ಕೋಹಾಲ್‌ನ ಗುರುತಾದ 'ಆಲ್' ಎಂದು ಮುಗಿಯಬೇಕಾದರೆ ಓಎಚ್ ಹೊತ್ತ ಕಾರ್ಬನ್ ಮುಖ್ಯ ಸರಪಳಿಯಲ್ಲೇ ಇರಬೇಕು. ಹಾಗೆ ಎಣಿಸಿದರೆ ಸಿಗುವುದು ನಾಲ್ಕೇ ಕಾರ್ಬನ್, ಉಳಿದ ಎರಡು ಕಾರ್ಬನ್ ಎಥೈಲ್ ಆಗಿ ಪಕ್ಕಕ್ಕೆ ಸರಿಯುತ್ತವೆ. ಹೆಸರು 2-ಎಥೈಲ್‌ಬ್ಯುಟಾನ್-1-ಆಲ್. ಕೊನೆ ಗೊತ್ತಿದ್ದರೆ ಸರಪಳಿ ತಾನಾಗಿಯೇ ಕಾಣುತ್ತದೆ.

ಒಂದೇ ಅಣುವಿನಲ್ಲಿ ಓಎಚ್‌ನಂಥ ಎರಡು ಗುಂಪು ಇದ್ದರೆ, ಹೆಸರಿನ ಕೊನೆ ಯಾವುದಕ್ಕೆ ಅಂತ ತಿಳಿಯಲು ಹಿರಿತನದ ಪಟ್ಟಿ ಬೇಕು. ನಾನು ಸದಾ ತಲೆಯಲ್ಲಿ ಇಟ್ಟುಕೊಂಡಿರುವುದು ಇಷ್ಟು: ಕಾರ್ಬಾಕ್ಸಿಲಿಕ್ ಆಮ್ಲ, ಎಸ್ಟರ್, ಅಮೈಡ್, ನೈಟ್ರೈಲ್, ಆಲ್ಡಿಹೈಡ್, ಕೀಟೋನ್, ಆಲ್ಕೋಹಾಲ್, ಅಮೀನ್. ಇದನ್ನು ಸುಮ್ನೆ ಬಾಯಿಪಾಠ ಮಾಡಿಬಿಡಿ, ಬೇರೆ ದಾರಿ ಇಲ್ಲ. ಐದು ಕಾರ್ಬನ್ ಸಾಲಿನಲ್ಲಿ ಕೀಟೋನ್ ಮತ್ತು ಓಎಚ್ ಎರಡೂ ಇದ್ದರೆ ಕೊನೆಯ ಜಾಗ ಕೀಟೋನ್‌ಗೆ, ಓಎಚ್ 'ಹೈಡ್ರಾಕ್ಸಿ' ಆಗಿ ಮುಂದೆ ಹೋಗುತ್ತದೆ. ಎಣಿಕೆಯೂ ಕೀಟೋನ್‌ಗೆ ಹತ್ತಿರದ ತುದಿಯಿಂದಲೇ. 4-ಹೈಡ್ರಾಕ್ಸಿಪೆಂಟಾನ್-2-ಓನ್ ಹೀಗೆ ಬಂದ ಹೆಸರು.

ಹೆಸರಿನ ಮೊದಲಿಗೆ ಬರುವ ಗುಂಪುಗಳ ಅಕ್ಷರಕ್ರಮ ಕೊನೆಯ ಕೆಲಸ. ಇಂಗ್ಲಿಷ್ ಅಕ್ಷರಮಾಲೆಯಂತೆ ಜೋಡಿಸುವಾಗ ಡೈ (ಎರಡು), ಟ್ರೈ (ಮೂರು) ಲೆಕ್ಕಕ್ಕಿಲ್ಲ, ಅದಕ್ಕೇ 4-ಎಥೈಲ್-2,2-ಡೈಮೀಥೈಲ್‌ಹೆಕ್ಸೇನ್‌ನಲ್ಲಿ ಎಥೈಲ್ ಮುಂದೆ ಇದೆ.

ಒಂದು ವಿಷಯದಲ್ಲಿ ಹಳೆಯ ಪುಸ್ತಕ, ಹೊಸ ನಿಯಮ ಬೇರೆಬೇರೆ ಹೇಳುತ್ತವೆ. ಮುಖ್ಯ ಸರಪಳಿ ಆರಿಸುವಾಗ ಮೊದಲು ಜೋಡಿಬಂಧ ಇರುವ ಸರಪಳಿಗೇ ಆದ್ಯತೆ ಇತ್ತು, ಅದು ಗಿಡ್ಡವಾಗಿದ್ದರೂ ಸರಿ. ರಾಸಾಯನಿಕ ಹೆಸರುಗಳ ನಿಯಮ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಪ್ಯಾಕ್‌ನ 2013ರ ಶಿಫಾರಸುಗಳಲ್ಲಿ ಉದ್ದವೇ ಮೊದಲು. ಇಬ್ಬರ ಉತ್ತರ ಹೊಂದದಿದ್ದರೆ ಜಗಳಕ್ಕೆ ಮುಂಚೆ ಯಾವ ನಿಯಮ ಹಿಡಿದಿದ್ದಾರೆ ಅಂತ ಕೇಳಿ.

ಲವಣಗಳಲ್ಲಿ ಇಷ್ಟು ತಾಪತ್ರಯ ಇಲ್ಲ, ಆದರೆ ಎಚ್ಚರ ಜಾಸ್ತಿ ಬೇಕು. ಫೆರಸ್ ಅಂದರೆ ಕಬ್ಬಿಣದ ಆಕ್ಸಿಡೀಕರಣ ಸಂಖ್ಯೆ 2, ಕ್ಯೂಪ್ರಸ್ ಅಂದರೆ ತಾಮ್ರದ್ದು 1. ಎರಡರ ಕೊನೆಯೂ ಒಂದೇ, ಸಂಖ್ಯೆ ಮಾತ್ರ ಬೇರೆ. ಅದಕ್ಕೇ ನಾನು ಲೋಹದ ಹೆಸರಿನ ಪಕ್ಕ ಕಂಸದಲ್ಲಿ ರೋಮನ್ ಅಂಕಿಯನ್ನೇ ಬರೆಯುತ್ತೇನೆ. ಹೈಪೋಕ್ಲೋರೈಟ್, ಕ್ಲೋರೈಟ್, ಕ್ಲೋರೇಟ್, ಪರ್‌ಕ್ಲೋರೇಟ್: ಒಂದು ಕ್ಲೋರಿನ್ ಜೊತೆ ಕ್ರಮವಾಗಿ ಒಂದು, ಎರಡು, ಮೂರು, ನಾಲ್ಕು ಆಕ್ಸಿಜನ್. ಇಲ್ಲಿ ಒಂದಕ್ಷರ ತಪ್ಪಿದರೆ ಬಾಟಲಿಯಲ್ಲಿರುವ ವಸ್ತುವೇ ಬೇರೆಯಾಗುತ್ತದೆ.

ಹೆಸರು ಬರೆದ ಮೇಲೆ ರಚನೆಯ ಚಿತ್ರ ಮುಚ್ಚಿಟ್ಟು, ಹೆಸರೊಂದನ್ನೇ ನೋಡಿ ಮತ್ತೆ ಬಿಡಿಸುತ್ತೇನೆ. ಎರಡು ಚಿತ್ರ ಒಂದೇ ಆದರೆ ಮಾತ್ರ ಲೇಬಲ್ ಅಂಟಿಸುತ್ತೇನೆ. ಹಾಗಂತ ಎಲ್ಲಕ್ಕೂ ಉದ್ದ ಹೆಸರೇ ಬೇಕೆಂದಿಲ್ಲ. ಅಸಿಟಿಕ್ ಆಮ್ಲ ಅನ್ನುವ ಹಳೆಯ ಹೆಸರನ್ನು ಐಯುಪ್ಯಾಕ್ ಕೂಡ ಉಳಿಸಿಕೊಂಡಿದೆ, ಪ್ರೊಪಾನ್-2-ಓನ್ ಇರುವ ಬಾಟಲಿಗೆ ನಾನೂ ಅಸಿಟೋನ್ ಎಂದೇ ಬರೆಯುತ್ತೇನೆ.